ಕನ್ನಡಕ ಹಾಕಿದ ಕರಡಿ

ಒಂದು ತುತ್ತೂ ಕಲಸದೆ ನಾನು ಅನೇಕ ಮಕ್ಕಳಿಗೆ ಊಟ ಮಾಡಿಸಿದ್ದೇನೆ. ಎಂಬತ್ತರ ದಶಕದ ಕೊನೆಯಲ್ಲಿ ಮಸ್ಕಿಯಿಂದ ದಿನವೂ ಬಸ್ಸಿನಲ್ಲಿ ಹೋಗಿ, ಒಂದು ಹಳ್ಳಿಯಲ್ಲಿ ಒಂದನೇ ಇಯತ್ತೆಗೆ ಕಲಿಸುತ್ತಿದ್ದೆ. ಬಸ್ಸಿಳಿದು ನಡೆಯುವಾಗ ತಾಯಂದಿರು ಮನೆಗಳ ಕಟ್ಟೆಯ ಮೇಲೆ ಕೂತು ಮಕ್ಕಳಿಗೆ ರೊಟ್ಟಿ ತಿನ್ನಿಸುತ್ತಿದ್ದರು. ನನ್ನನ್ನು ಕಂಡರೆ ಅವರಿಗೆ ಹುರುಪು ಬರುತ್ತಿತ್ತು.

"ಲಗೂನ ಉಣ್ಣು ಬೇ. ಅಕಾ, ಅಕ್ಕೋರು ಬಂದ್ರು. ಉಣ್ಣದಿದ್ರ ಚೀಲದಾಗ ಹಾಕ್ಕೊಂಡು ಒಯ್ತಾರ."

ಮಗು ನನ್ನ ಕೈಚೀಲವನ್ನು ದಿಟ್ಟಿಸಿ, ತಾನು ಅದರಲ್ಲಿ ಹಿಡಿಯುವುದು ನಿಜವೆಂದು ಖಾತ್ರಿಯಾದ ಮೇಲೆ ನುಂಗುತ್ತಿತ್ತು. ತಾಯಿ ನನ್ನತ್ತ ನೋಡಿ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಮುಂದೊಂದು ದಿನ ಅದೇ ತಾಯಿ ಅದೇ ಮಗುವನ್ನು ತಂದು ಅದೇ ಚೀಲದವಳ ಕೈಗೆ ಒಪ್ಪಿಸಿ, "ಅಳಬ್ಯಾಡ, ಅಕ್ಕೋರು ಭಾಳ ಛಲೋ ಅದಾರ" ಎನ್ನುವಾಗ ಮಾತ್ರ ಇಬ್ಬರಿಗೂ ನಗು ಬರುತ್ತಿರಲಿಲ್ಲ.

ನಮ್ಮ ಹಿರಿಯರು ಅಕ್ಷರಕ್ಕೆ ಮುಹೂರ್ತ ನೋಡಿದ್ದಾರೆ. ಅಕ್ಕಿಯ ಮೇಲೆ ಬರೆಸಿದ್ದಾರೆ, ಪಾಟಿಗೆ ಅರಿಶಿನ ಹಚ್ಚಿದ್ದಾರೆ, ಬಾಯಿಗೆ ಸಕ್ಕರೆ ಹಾಕಿದ್ದಾರೆ. ಸಕ್ಕರೆ ಕರಗಿದ ಮೇಲೆ ಏನು ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿದಂತಿಲ್ಲ. ಅದಕ್ಕೆ ಚಿತ್ರದ ಪುಸ್ತಕವೇ ಮದ್ದು ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಅಂಜಿಕೆಯನ್ನು ಹಾಳೆಯ ಮೇಲೆ ಇಳಿಸಿಬಿಟ್ಟರೆ, ಹಾಳೆ ಮಗುಚುವ ಅಧಿಕಾರ ಮಗುವಿನ ಕೈಗೆ ಬರುತ್ತದೆ. ಲಿಂಗಸುಗೂರಿನ ಬಸ್ ನಿಲ್ದಾಣದ ಅಂಗಡಿಯಲ್ಲಿ ಅಂಥದೊಂದು ಪುಸ್ತಕ ಸಿಕ್ಕಿತು. ಆನೆಮರಿ ಮೊದಲ ಸಲ ಶಾಲೆಗೆ ಹೋಗುವ ಕಥೆ. ಅಲ್ಲಿ ಪಾಠ ಹೇಳುವುದು ಕನ್ನಡಕ ಹಾಕಿದ ಒಂದು ಕರಡಿ. ನಾನೂ ಕನ್ನಡಕದವಳೇ ಎಂಬುದು ಕೊಳ್ಳುವಾಗ ನೆನಪಾಗಲಿಲ್ಲ.

ನಮ್ಮ ಶಾಲೆಯ ಮೊದಲ ದಿನ ಜೂನ್‌ನಲ್ಲಿ ಬರುತ್ತಿರಲಿಲ್ಲ. ಕಾಲುವೆಗೆ ನೀರು ಬಿಟ್ಟ ಮೇಲೆ ಬರುತ್ತಿತ್ತು. ತಾಯಂದಿರು ಭತ್ತದ ಸಸಿ ಹಚ್ಚಲು ಗದ್ದೆಗೆ ಹೊರಟಾಗ ಮಕ್ಕಳು ಶಾಲೆಗೆ ಬರುತ್ತಿದ್ದರು. ಆ ವರ್ಷ ಬಂದವರಲ್ಲಿ ಹುಲಿಗೆಮ್ಮ ಎಂಬ ಹುಡುಗಿಯೊಬ್ಬಳು ಅಳಲಿಲ್ಲ. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು.

"ಹೆಂಗರ ಮಾಡಿ ಇಲ್ಲೇ ಕುಂದ್ರಿಸ್ಕೋರಿ ಅಕ್ಕೋರ," ಎಂದಳು ಅವಳ ತಾಯಿ ದುರುಗಮ್ಮ. "ಗದ್ದಿಗೆ ಒಯ್ಯಾಕ ನನಗ ಧೈರ್ಯ ಇಲ್ಲ. ಹೋದ ವರ್ಷ ಕಾಲಿವ್ಯಾಗ ಬಿದ್ದಾಕಿ ಇಕೀನ ರೀ."

ಅದನ್ನು ನಾನು ಕಂಡಿದ್ದೆ. ಬಸ್ಸು ಕಾಲುವೆಯ ಸೇತುವೆಯ ಮೇಲೆ ನಿಂತಿತ್ತು. ಒಬ್ಬ ಹೆಂಗಸು ನೀರಿಗಿಳಿದು ಒಂದು ಜಡೆಯನ್ನು ಹಿಡಿದುಕೊಂಡಿದ್ದಳು. ಜಡೆಗೆ ಕೆಂಪು ಟೇಪು ಇತ್ತು. ಮುಖ ಮೇಲೆ ಬರಲು ಎಷ್ಟು ಹೊತ್ತಾಯಿತೋ ಹೇಳಲಾರೆ. ಆಮೇಲೆ ಮಗು ಕೆಮ್ಮಿದ್ದು ಕೇಳಿಸಿತು. ಇಂದಿಗೂ ತುಂಬಿದ ಕಾಲುವೆ ಕಂಡರೆ ನನ್ನ ಕಣ್ಣು ಮೊದಲು ದಂಡೆಯ ಮೇಲೆ ಮಕ್ಕಳಿದ್ದಾರೆಯೇ ಎಂದು ಹುಡುಕುತ್ತದೆ. ಈ ಹುಡುಗಿ ಒಳಗೆ ಬರದಿದ್ದರೆ ಮತ್ತೆ ಅದೇ ದಂಡೆಯೇ ಗತಿ.

ಪುಸ್ತಕ ತೆಗೆದೆ. ಮಕ್ಕಳು ಸುತ್ತ ಕೂತರು. ಆನೆಮರಿಯನ್ನು ಎಲ್ಲರೂ ಮೆಚ್ಚಿದರು. ಹಾಳೆ ಮಗುಚಿದೆ, ಕರಡಿ ಬಂತು. ಮುಂದೆ ಕೂತಿದ್ದ ಮೌನೇಶ ಕರಡಿಯ ಕನ್ನಡಕ ನೋಡಿದ, ನನ್ನ ಕನ್ನಡಕ ನೋಡಿದ.

"ಅಕ್ಕೋರು ಖರೇನ ಕರಡಿ ಅದಾರಲೇ," ಎಂದ.

ಅಕ್ಕೋರು ಒಯ್ತಾರೆಂದು ಮಕ್ಕಳು ಮನೆಯಲ್ಲಿ ಕೇಳಿದ್ದನ್ನು ನಾನೇ ಬಣ್ಣದ ಅಚ್ಚಿನಲ್ಲಿ ತಂದು ದೃಢಪಡಿಸಿದಂತಾಯಿತು. ಒಬ್ಬಳು ಅಳಲು ಶುರು ಮಾಡಿದಳು, ಉಳಿದವರು ಹಿಂಬಾಲಿಸಿದರು. ಆಗ ಬಾಗಿಲ ಕಡೆಯಿಂದ ಒಂದು ದನಿ ಬಂತು.

"ಕರಡಿ ಏನೂ ಮಾಡಂಗಿಲ್ಲ. ನಾ ಅದರ ಮ್ಯಾಲ ಕುಂತೀನಿ."

"ಸುಳ್ಳ ಹೇಳ್ತಿ ಬಿಡು," ಎಂದ ಮೌನೇಶ, ಮೂಗು ಒರೆಸಿಕೊಳ್ಳುತ್ತ.

"ನಮ್ಮವ್ವನ್ನ ಕೇಳು."

ದುರುಗಮ್ಮ ತಲೆಯಾಡಿಸಿದಳು. ಆಗೆಲ್ಲ ಕರಡಿ ಆಡಿಸುವವರು ಊರೂರಿಗೆ ಬರುತ್ತಿದ್ದರು. ಅಂಜಿದ ಮಗುವನ್ನು ಕರಡಿಯ ಬೆನ್ನ ಮೇಲೆ ಕೂರಿಸಿ ಒಂದು ಸುತ್ತು ಹಾಕಿಸಿದರೆ ಅಂಜಿಕೆ ಬಿಡುತ್ತದೆಂಬ ನಂಬಿಕೆ. ಅದಕ್ಕೊಂದು ಮೊರದ ತುಂಬ ಜೋಳ ಕೊಡುತ್ತಿದ್ದರು. ಕಾಲುವೆಗೆ ಬಿದ್ದ ಮೇಲೆ ನಿದ್ದೆಯಲ್ಲಿ ಬೆಚ್ಚುತ್ತಿದ್ದ ಮಗಳನ್ನು ದುರುಗಮ್ಮ ಹಾಗೆ ಕೂರಿಸಿದ್ದಳು.

"ಅದರ ಕೂದ್ಲ ಚುಚ್ಚತಾವ," ಹುಲಿಗೆಮ್ಮ ಹೇಳತೊಡಗಿದಳು. "ಮೂಗಿಗೆ ಹಗ್ಗ ಇರ್ತೈತಿ. ಇದಕ್ಕ ಹಗ್ಗಾನ ಇಲ್ಲ, ನೋಡಿಲ್ಲೆ."

ಹಗ್ಗ ಎಲ್ಲಿರಬೇಕಿತ್ತೆಂದು ತೋರಿಸಲು ಬೆರಳು ಬೇಕಾಯಿತು. ಬೆರಳಿಗಾಗಿ ಚೌಕಟ್ಟನ್ನು ಬಿಡಬೇಕಾಯಿತು. ಬಂದು ಪುಸ್ತಕದ ಮುಂದೆ ಕೂತಳು. ಅಳು ನಿಂತಿತು, ಕರಡಿ ಸವಾರಿ ಮಾಡಿದವಳ ಪಕ್ಕ ಕೂತು ಯಾರು ಅಳುತ್ತಾರೆ? ನಾನು ದುರುಗಮ್ಮನಿಗೆ ಕಣ್ಸನ್ನೆ ಮಾಡಿದೆ. ಆದರೆ ಅವಳು ಕದ್ದು ಹೋಗುವ ತಾಯಿಯಲ್ಲ.

"ಹೋಗ್ಲೇನು ಬೇ?"

ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. "ಹೋಗು. ದಂಡಿ ಮ್ಯಾಲ ನಿಂದ್ರಬ್ಯಾಡ. ಬೀಳ್ತಿ."

ದುರುಗಮ್ಮ ಸೆರಗು ಬಾಯಿಗಿಟ್ಟುಕೊಂಡು ಹೋದಳು. ನಾನು ಹಾಳೆ ಮಗುಚುವುದನ್ನು ಮರೆತು ಕೂತೆ. ಬಿಟ್ಟುಹೋಗುವ ತಾಯಿಗೆ ಏನಾದೀತೋ ಎಂದೂ ಮಗು ಅಂಜುತ್ತದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ. ಪುಸ್ತಕ ಬರೆದವರಿಗೂ ಹೊಳೆದಂತಿರಲಿಲ್ಲ. ಅಲ್ಲಿ ತಾಯಾನೆಯ ಪಾತ್ರ ಮೊದಲ ಪುಟದಲ್ಲೇ ಮುಗಿದುಹೋಗಿತ್ತು.

ಮಧ್ಯಾಹ್ನ ಹುಲಿಗೆಮ್ಮ ನನ್ನ ಮುಂದೆ ಬಂದು ನಿಂತು, ಕನ್ನಡಕವನ್ನು ಪರೀಕ್ಷಿಸಿ, "ಬಗ್ಗು" ಎಂದಳು. ಬಗ್ಗಿದೆ, ಬೆನ್ನ ಮೇಲೆ ಹತ್ತಿ ಕೂತಳು. ಅವಳ ಹಿಂದೆ ಸಾಲು ನಿಂತಿತು. ಎಲ್ಲರಿಗೂ ಒಂದೊಂದು ಸುತ್ತು. ಕೊನೆಗೆ ಹತ್ತಿದ ಮೌನೇಶ ಇಳಿಯುವಾಗ ಸ್ವಲ್ಪ ಅಸಮಾಧಾನದಿಂದಲೇ ಹೇಳಿದ: "ಕೂದ್ಲ ಚುಚ್ಚಲೇ ಇಲ್ಲ."