ಮನೆವ್ಯಾನಿಗೆ ಹೊಲಿದ ಹೊದಿಕೆ

ಲಾಯಿಲದಲ್ಲಿ ನನ್ನದೊಂದು ಸಣ್ಣ ಅಂಗಡಿ ಇತ್ತು. ಜೀಪುಗಳಿಗೆ ಟಾಪು ಹೊಲಿಯುವುದು, ಸೀಟಿಗೆ ರೆಕ್ಸಿನ್ ಹಾಕುವುದು ನನ್ನ ಕೆಲಸ. ತೊಂಬತ್ತರ ದಶಕದಲ್ಲಿ ಬೆಳ್ತಂಗಡಿಯಿಂದ ಒಳಗಿನ ಊರುಗಳಿಗೆ ಜನ ಹೋಗುತ್ತಿದ್ದದ್ದೇ ಸರ್ವಿಸ್ ಜೀಪುಗಳಲ್ಲಿ. ಹಾಗಾಗಿ ಕೆಲಸಕ್ಕೇನೂ ಕಡಿಮೆ ಇರಲಿಲ್ಲ. ಆದರೆ ಎಲ್ಲ ಜೀಪಿಗೂ ಒಂದೇ ಅಳತೆ. ಕಣ್ಣು ಮುಚ್ಚಿ ಕತ್ತರಿಸಬಹುದಿತ್ತು.

ಹಾಗಿರುವಾಗ ಒಂದು ಮೇ ತಿಂಗಳು ನಾರಾವಿ ಕಡೆಯ ಬ್ಯಾರಿ ಸಾಹೇಬರೊಬ್ಬರು ತೆಂಗಿನ ನಾರಿನ ಹಗ್ಗದ ಸುರುಳಿ ಹಿಡಿದುಕೊಂಡು ಬಂದರು. ಹಗ್ಗಕ್ಕೆ ಅಲ್ಲಲ್ಲಿ ಗಂಟು ಹಾಕಿದ್ದರು.

"ಈ ಗಂಟಿನಿಂದ ಆ ಗಂಟಿಗೆ ಉದ್ದ, ಇಲ್ಲಿಂದ ಇಲ್ಲಿಗೆ ಎತ್ತರ. ಪೂರ್ತಿ ಮುಚ್ಚುವ ಹಾಗೆ ಒಂದು ಹೊದಿಕೆ ಆಗಬೇಕು ಮಾರಾಯ್ರೆ."

"ಲಾರಿಗಾ?"

"ಅಲ್ಲ, ಮನೆಗೆ," ಎಂದು ನಕ್ಕರು. "ಚಕ್ರ ಇರುವ ಮನೆ."

ನನಗೆ ತಡೆಯಲಿಕ್ಕಾಗಲಿಲ್ಲ. ಮರುದಿನವೇ ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದೆ. ಅವರ ಅಂಗಳದಲ್ಲಿ ಒಂದು ಹಳೆಯ ವ್ಯಾನು ನಿಂತಿತ್ತು. ಸೀಟುಗಳನ್ನೆಲ್ಲ ತೆಗೆಸಿ, ಮೂಡಬಿದಿರೆಯ ಬಡಗಿಯೊಬ್ಬನಿಂದ ಒಳಗೆ ಎರಡು ಮಂಚ, ಒಂದು ಕಪಾಟು, ಗ್ಯಾಸಿನ ಒಲೆಗೆ ಒಂದು ಕಟ್ಟೆ ಮಾಡಿಸಿದ್ದರು. ಕಿಟಕಿಗೆ ಹೂವಿನ ಪರದೆ. ನಾನು ಪ್ರತಿಯೊಂದು ಬಾಗಿಲನ್ನೂ ತೆರೆದು ಮುಚ್ಚಿ ನೋಡಿದೆ.

"ಇದೆಲ್ಲ ಇವಳಿಗಾಗಿ," ಎಂದರು ಸಾಹೇಬರು, ಜಗಲಿಯಲ್ಲಿ ನಿಂತಿದ್ದ ಹೆಂಡತಿಯನ್ನು ತೋರಿಸಿ. ಸಾಹೇಬರು ಗಲ್ಫಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಡ್ರೈವರ್ ಆಗಿದ್ದವರು. ರಜೆಯಲ್ಲಿ ಬಂದಾಗೆಲ್ಲ ಯಾರದಾದರೂ ಮದುವೆ, ಇಲ್ಲವೇ ಮನೆ ಕಟ್ಟುವ ಕೆಲಸ. ಆಕೆ ಮಂಗಳೂರು ಬಿಟ್ಟು ಆಚೆ ಹೋದವರೇ ಅಲ್ಲ. ಊರಿಗೆ ಬಂದು ನೆಲೆಸಿದ ಮೇಲೆ ಎಲ್ಲಿಗಾದರೂ ಹೋಗುವ ಎಂದು ಕರೆದರೆ, "ಲಾಡ್ಜಿನಲ್ಲಿ ಮಲಗಲಿಕ್ಕೆ ನನ್ನಿಂದಾಗದು. ನನ್ನ ಅಡುಗೆ ನಾನೇ ಮಾಡಬೇಕು" ಎಂದರಂತೆ. ಅದಕ್ಕೆ ಈ ವ್ಯಾನು. ಬೇಸಗೆಯಲ್ಲಿ ಒಮ್ಮೆ ಮೈಸೂರಿಗೆ ಹೋಗಿ ಬಂದಿದ್ದರು. ಈಗ ಮಳೆ ಹತ್ತಿರ ಬಂದಿತ್ತು. ಶೆಡ್ಡು ಕಟ್ಟುವ ಅಂದರೆ ಆ ಜಾಗ ಸಾಹೇಬರ ತಮ್ಮನ ಮನೆಗೆ ಹೋಗುವ ದಾರಿ.

"ಒಂದು ಹನಿ ಒಳಗೆ ಹೋಗಬಾರದು," ಎಂದರು ಸಾಹೇಬರು.

"ಹೋಗುವುದಿಲ್ಲ, ನಾನು ಮಾಡ್ತೇನೆ," ಎಂದೆ. ಜೀಪಿಗೆ ಹಾಕುವ ರೆಕ್ಸಿನ್ನಿನಲ್ಲೇ ದಪ್ಪದ್ದನ್ನು ಆರಿಸಿ, ಚಕ್ರದವರೆಗೂ ಬರುವ ಹಾಗೆ ಬಿಗಿಯಾಗಿ ಹೊಲಿದು, ನಾನೇ ಹೋಗಿ ಕಟ್ಟಿಕೊಟ್ಟೆ. ಮಡಿಕೆ ಇಲ್ಲ, ಸುಕ್ಕಿಲ್ಲ. ನೋಡಿ ನನಗೇ ಹೆಮ್ಮೆಯಾಯಿತು.

ಜುಲೈಯಲ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದರು: ಕೂಡಲೇ ಬರಬೇಕಂತೆ. ಹೋಗಿ ನೋಡಿದರೆ ವ್ಯಾನಿನ ಬಾಗಿಲು ತೆರೆದಿಟ್ಟಿದ್ದರು. ಬೂಷ್ಟಿನ ವಾಸನೆ ಜಗಲಿಯವರೆಗೂ ಬರುತ್ತಿತ್ತು. ಪರದೆಗಳ ಮೇಲೆ ಕಪ್ಪು ಚುಕ್ಕಿ, ಮಂಚದ ಹಲಗೆಯಲ್ಲಿ ಬಿಳಿ ಬೂಷ್ಟು, ಮೂಲೆಗಳಲ್ಲಿ ಹೊದಿಕೆ ಉಜ್ಜಿ ಬಣ್ಣ ಎದ್ದುಹೋಗಿತ್ತು. ಸಾಹೇಬರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

"ಸೂಜಿಯ ತೂತಿನಿಂದ ಸೋರಿದೆ," ಎಂದರು.

ನನಗೂ ಹಾಗೇ ಕಂಡಿತು. ಒಂದು ಮೂಲೆಯನ್ನು ಜೋಳಿಗೆಯ ಹಾಗೆ ಹಿಡಿದು, ಹೊಲಿಗೆಯ ಮೇಲೆ ಕೊಡಪಾನಗಟ್ಟಲೆ ನೀರು ಹೊಯ್ದೆವು. ಕೆಳಗೆ ಒಂದು ಹನಿಯೂ ಬರಲಿಲ್ಲ. ಆದರೂ ಹೊದಿಕೆಯ ಒಳಮೈ ಒದ್ದೆ! ಹಾಗಾದರೆ ನೀರು ಬಂದದ್ದೆಲ್ಲಿಂದ?

ಆಗ ಸಾಹೇಬರ ಹೆಂಡತಿ ಮೆಲ್ಲಗೆ ಹೇಳಿದರು: "ಬಿಸಿ ಪತ್ತಿರ್ ರೊಟ್ಟಿ ಮಾಡಿ ಸ್ಟೀಲಿನ ಡಬ್ಬಿಗೆ ಹಾಕಿ ಮುಚ್ಚಿದರೆ ಮುಚ್ಚಳದಲ್ಲೆಲ್ಲ ನೀರು. ಬಟ್ಟೆಯಲ್ಲಿ ಸುತ್ತಿಟ್ಟರೆ ಹಾಗಾಗುವುದಿಲ್ಲ. ಇದೂ ಹಾಗೇ ಅಲ್ಲವಾ? ಕೆಳಗಿನ ಒದ್ದೆ ಮಣ್ಣಿನ ಹಬೆ ಎಲ್ಲಿಗೆ ಹೋಗಬೇಕು?"

ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಯೋಚನೆ. ಮಾರನೇ ದಿನ ಮನೆಯಂಗಳದ ಒದ್ದೆ ಮಣ್ಣಿನ ಮೇಲೆ, ಬುಡ ತೆಗೆದ ಮೂರು ಹಳೆಯ ಡಬ್ಬಿಗಳನ್ನು ಇಟ್ಟೆ. ಒಂದಕ್ಕೆ ರೆಕ್ಸಿನ್, ಒಂದಕ್ಕೆ ನೀಲಿ ಪ್ಲಾಸ್ಟಿಕ್, ಇನ್ನೊಂದಕ್ಕೆ ಲಾರಿಯವರು ಹಾಕುವ ಹತ್ತಿಯ ಟರ್ಪಾಲು ಬಿಗಿದು ಕಟ್ಟಿದೆ. ನನ್ನ ಹೆಂಡತಿ, "ಎಂತ, ಉಪ್ಪಿನಕಾಯಿ ಹಾಕಿದ್ದೀರಾ?" ಎಂದು ಕೇಳಿದಳು. ಮೂರು ದಿನ ಬೆಳಿಗ್ಗೆ ಎದ್ದವನೇ ಒಂದೊಂದನ್ನೇ ಎತ್ತಿ ಒಳಗೆ ನೋಡಿದೆ. ರೆಕ್ಸಿನ್, ಪ್ಲಾಸ್ಟಿಕ್ ಎರಡೂ ಒಳಗೆ ಬೆವರಿದ್ದವು. ಟರ್ಪಾಲು ಮೇಲೆ ನೆನೆದಿದ್ದರೂ ಒಳಗೆ ಹನಿ ಇರಲಿಲ್ಲ. ಖುಷಿಯಾಗಿ ಅಡಿಯಿಂದ ಬೆರಳಲ್ಲಿ ಮುಟ್ಟಿದೆ. ಮುಟ್ಟಿದ ಜಾಗದಿಂದ ಟಪ್ ಟಪ್ ಎಂದು ತೊಟ್ಟಿಕ್ಕತೊಡಗಿತು!

ಅದಕ್ಕೆ ಉತ್ತರ ಸಿಕ್ಕಿದ್ದು ಬಂಟ್ವಾಳ ಪೇಟೆಯಲ್ಲಿ. ಅಲ್ಲಿ ಟರ್ಪಾಲು ಮಾರುವ ಅಜ್ಜರೊಬ್ಬರಿದ್ದರು. "ನೆನೆದರೆ ನೂಲು ಉಬ್ಬಿ ತೂತು ಮುಚ್ಚುತ್ತದೆ. ಆದರೆ ಒಳಗಿನಿಂದ ಏನೂ ತಾಗಬಾರದು, ತಾಗಿದರೆ ಅಲ್ಲಿಂದ ನೀರು ಇಳಿಯುತ್ತದೆ," ಎಂದರು. "ಸೋಪಿನ ಪುಡಿ ಹಾಕಿ ತೊಳೆದೀರಿ ಮತ್ತೆ, ಬಟ್ಟೆಗೆ ಹಚ್ಚಿದ ಮೇಣ ಹೋಗ್ತದೆ. ಬರೀ ನೀರು, ಮೆದು ಬ್ರಷ್ಷು, ಅಷ್ಟೇ."

ಟರ್ಪಾಲಿನಲ್ಲಿ ಹೊಸ ಹೊದಿಕೆ ಹೊಲಿಯಲು ನನಗೆ ಒಂದು ವಾರ ಹಿಡಿಯಿತು. ವ್ಯಾನಿನ ಮೇಲಿನ ಕ್ಯಾರಿಯರಿಗೆ ಬಿದಿರು ಕಟ್ಟಿ, ಮನೆಯ ಮಾಡಿನ ಹಾಗೆ ಎರಡೂ ಕಡೆಗೆ ಇಳಿಜಾರು ಮಾಡಿದೆವು. ಬಟ್ಟೆ ವ್ಯಾನಿಗೆ ಎಲ್ಲೂ ತಾಗುತ್ತಿರಲಿಲ್ಲ. ಕೆಳಗೆ ಗಾಳಿಯಾಡಲು ಒಂದು ಗೇಣು ಬಿಟ್ಟೆ. ಹಗ್ಗ ಉಜ್ಜುವ ಮೂಲೆಗಳಿಗೆ ಸಾಹೇಬರ ಹೆಂಡತಿ ಹಳೆಯ ಬೆಡ್‌ಶೀಟು ಮಡಚಿ ಕೊಟ್ಟರು.

ಆಮೇಲೆ ಅದರ ಆರೈಕೆಯೆಲ್ಲ ಆಕೆಯದ್ದೇ. ಮಳೆ ಬಿಟ್ಟು ಬಿಸಿಲು ಬಂದರೆ ಸಾಕು, ಹೊದಿಕೆ ಮೇಲೆತ್ತಿ ವ್ಯಾನಿನ ಬಾಗಿಲು ತೆರೆಯುತ್ತಿದ್ದರು. ಸಾಹೇಬರು ಒಮ್ಮೆ ಅವಸರದಲ್ಲಿ ಒದ್ದೆ ಹೊದಿಕೆಯನ್ನೇ ಮಡಚಿಟ್ಟು, ಅದರಲ್ಲಿ ಕಪ್ಪು ಕಲೆ ಕೂತು, ಎರಡು ದಿನ ಆಕೆ ಮಾತೇ ಆಡಲಿಲ್ಲವಂತೆ. ಹೇಳಿದ್ದು ಸಾಹೇಬರೇ.

ನವೆಂಬರಿನಲ್ಲಿ ವ್ಯಾನು ನನ್ನ ಅಂಗಡಿಯ ಮುಂದೆ ನಿಂತಿತು. ಹಂಪಿಗೆ ಹೊರಟಿದ್ದರು. ನಾನು ಒಳಗೆ ಹತ್ತಿ ಮೊದಲು ಮೂಸಿ ನೋಡಿದೆ. ಸೀಮೆಎಣ್ಣೆ ಹಾಕಿ ಒರೆಸಿದ ಮರದ ವಾಸನೆ ಬಿಟ್ಟರೆ ಬೇರೇನಿಲ್ಲ.

"ಹೇಗುಂಟು?" ಎಂದರು ಆಕೆ.

"ಲಾಯಕುಂಟು ಅಕ್ಕ."

ಅವರು ಹೀಗೆ ಏಳೆಂಟು ವರ್ಷ ತಿರುಗಿದರು. ಈ ನಡುವೆ ಇನ್ನೊಂದು ಹೊದಿಕೆಯನ್ನೂ ಹೊಲಿದುಕೊಟ್ಟೆ. ಪ್ರತಿ ಸಲ ಬಂದಾಗಲೂ ಆಕೆ ನೋಡಿದ್ದನ್ನೆಲ್ಲ ಹೇಳುತ್ತಿದ್ದರು. ಕನ್ಯಾಕುಮಾರಿಯ ಮರಳಿಗೆ ಬಣ್ಣ ಬಣ್ಣ ಉಂಟು ಎಂದಾಗ ನಾನು ನಂಬಲಿಲ್ಲ. ಮುಂದಿನ ಸಲ ಒಂದು ಸಣ್ಣ ಬಾಟಲಿಯಲ್ಲಿ ತಂದು ಮೆಷಿನ್ನಿನ ಮೇಲೆ ಇಟ್ಟರು. ಟಾಪು ಹೊಲಿಸಲು ಬಂದ ಜೀಪಿನವನಿಗೆ ಕಾಯಲು ಹೇಳಿ, ಅಂಗೈಗೆ ಸುರಿದುಕೊಂಡು ಬಿಸಿಲಿಗೆ ಹಿಡಿದು ನೋಡಿದೆ. ಕೆಂಪು, ಕಪ್ಪು, ಹಳದಿ; ನಿಜವಾಗಿಯೂ ಉಂಟು.