ಆಡುಗಳ ಸಂಖ್ಯೆ ಎಂಬ ಕಾಲಂ

ಮಾನ್ಯ ಓದುಗರೇ, ನಿನ್ನೆ ಆಳಂದದ ಬಸ್ಸಿನಲ್ಲಿ ಪಕ್ಕದವರ ಕಂಬಳಿಯಿಂದ ಆಡಿನ ವಾಸನೆ ಬಂದಿತು. ನರೋಣಾ ದಾಟುವವರೆಗೂ ನಾನು ಮುಖವನ್ನು ಕಿಟಕಿಯ ಕಡೆಗೇ ಇಟ್ಟಿದ್ದೆ. ವಾಸನೆ ತಾಳಲಾರದೆ ಅಲ್ಲ ಎಂದು ಸ್ಪಷ್ಟಪಡಿಸುವುದು ನನ್ನ ಕರ್ತವ್ಯ. ಕಾರಣ ಈ ಕೆಳಗಿನಂತಿದೆ. ಕಚೇರಿಯ ಪತ್ರಗಳನ್ನಷ್ಟೇ ಬರೆದ ಕೈ ಇದು; ಮನ್ನಿಸಬೇಕು.

ಕೆಲವು ವರ್ಷಗಳ ಹಿಂದೆ, ಆಡು ಸಾಕುವವರಿಗೆ ಸಕಾಲದಲ್ಲಿ ಲಸಿಕೆ ತಲುಪಿಸುವ ಆ್ಯಪ್ ಒಂದಕ್ಕೆ ಪ್ರಶ್ನೆಗಳನ್ನು ಸಿದ್ಧಪಡಿಸಿ ಉತ್ತರಗಳನ್ನು ದಾಖಲಿಸುವ ಕೆಲಸವನ್ನು ನನಗೆ ವಹಿಸಲಾಗಿತ್ತು. ಗ್ರಾಮಸ್ಥರನ್ನು ಕೇಳಿಯೇ ರೂಪಿಸತಕ್ಕದ್ದು ಎಂಬ ಸೂಚನೆಯಿತ್ತು. ಅದರಂತೆ ಅಫಜಲಪುರ ತಾಲ್ಲೂಕಿನ ಮಣ್ಣೂರಿನಲ್ಲಿ ಶರಣಮ್ಮ ಎಂಬ ಹಿರಿಯರ ಕಟ್ಟೆಯ ಮೇಲೆ ಕುಳಿತು, ಫೋನು ಹಿಡಿದು, ಮೊದಲನೆಯ ಪ್ರಶ್ನೆ ಓದಿದೆ: ನಿಮ್ಮಲ್ಲಿರುವ ಆಡುಗಳ ಸಂಖ್ಯೆ?

"ಐದ್ ಅಂತ ಬರ್ಕೋ ಯಪ್ಪಾ."

ಹಿತ್ತಲಿನಲ್ಲಿ ಒಂಬತ್ತಿದ್ದವು. ನಾನು ಕುಳಿತಲ್ಲಿಂದಲೇ ಕಾಣುತ್ತಿದ್ದವು.

ಪಕ್ಕದ ಮನೆಯ ಖಾಜಾಬಿ ನಕ್ಕರು. "ಏನ್ ಸಾಹೇಬ್ರ, ನಿಮ್ಮನ್ಯಾಗ ಕೂಸ ಹುಟ್ಟಿದ್ರ ಓಣಿ ಮಂದಿಗಿ ಕರ್ದು ತೂಕ ಮಾಡಿ ತೋರಸ್ತೀರೇನ್? ಇದ್ದದ್ ಎಣಿಸಿ ಹೇಳಿದ್ರ ನದರ ಆಗ್ತದ್ರಿ, ಮಂದಿ ಕಣ್ಣ ಬೀಳ್ತದ. ಎಷ್ಟ್ ಸೂಜಿ ಬೇಕು ಅಂತ ಕೇಳ್ರಿ, ಬರೋಬರಿ ಹೇಳ್ತಾಳ."

"ಈ ಪ್ರಶ್ನೆ ಮಂಜೂರಾಗಿದೆ ಅಮ್ಮಾ, ಮುಂದಿನ ಸಲ ಪರಿಶೀಲಿಸೋಣ" ಎಂದೆ. ಹೇಳಿದ್ದನ್ನೇ ದಾಖಲಿಸಬೇಕೆಂಬ ನಿಯಮವಿದ್ದುದರಿಂದ ಐದು ಎಂದೇ ಒತ್ತಿದೆ.

ಲಸಿಕೆ ಬಂದಿತು, ಆ್ಯಪ್ ತಿಳಿಸಿದಷ್ಟೇ, ಶರಣಮ್ಮನ ಪಾಲಿಗೆ ಐದು. ಯಾವ ನಾಲ್ಕನ್ನು ಬಿಡುವುದೆಂದು ತಿಳಿಯದೆ ಆಕೆ ಒಂದೊಂದರ ಬೆನ್ನ ಮೇಲೂ ಕೈಯಾಡಿಸುತ್ತ ನಿಂತಿದ್ದರು. ಮಳೆಗಾಲದಲ್ಲಿ ರೋಗ ಬಂದು, ಲಸಿಕೆ ಸಿಗದೆ ಉಳಿದ ನಾಲ್ಕೂ ಸತ್ತವು. ವಿಷಾದ ವ್ಯಕ್ತಪಡಿಸಲು ಹೋದ ನನಗೆ ಆಕೆ ಹೇಳಿದ್ದಿಷ್ಟು: "ಸುಳ್ಳ್ ಹೇಳ್ದಾಕಿ ನಾ. ನೀ ಯಾಕ ಮಾರಿ ಸಣ್ಣದ್ ಮಾಡ್ತಿ? ಚಾ ಕುಡಿ."

ಬೈದಿದ್ದರೆ ಸಮಜಾಯಿಷಿಯನ್ನಾದರೂ ನೀಡಬಹುದಿತ್ತು. ಚಹಾ ಕುಡಿದು ಬಂದೆ.

ಆ ಪ್ರಶ್ನೆಯನ್ನು ಬದಲಿಸುವಂತೆ ಕೋರಿ ನಾನು ಬರೆದ ಪತ್ರಗಳೆಲ್ಲವೂ ಪರಿಶೀಲನೆಯಲ್ಲಿವೆ. ಬರೆದೂ ಬರೆದೂ ದಣಿದು ಬಿಟ್ಟುಬಿಟ್ಟಿದ್ದೆ. ಈಗ ಅದೇ ಆ್ಯಪನ್ನು ಜೇವರ್ಗಿಗೂ ವಿಸ್ತರಿಸಲಾಗುತ್ತಿದೆ; ಪ್ರಶ್ನೆಗಳನ್ನು ತುಂಬಿಸುವ ಹೊಣೆ ಈಗಲೂ ನನ್ನದೇ. ಬಸ್ಸಿಳಿದ ಮೇಲೂ ನಿನ್ನೆಯೆಲ್ಲ ಆ ವಾಸನೆ ನನ್ನನ್ನು ಬಿಡಲಿಲ್ಲ. ಇಂದು ಬೆಳಿಗ್ಗೆ ಯಾರ ಅನುಮತಿಯನ್ನೂ ಪಡೆಯದೆ ಆ ಕಾಲಂ ತೆಗೆದು, ಅಲ್ಲಿ ಖಾಜಾಬಿಯವರ ಪ್ರಶ್ನೆ ಹಾಕಿದೆ. ಮಧ್ಯಾಹ್ನ ಮೇಲಧಿಕಾರಿಗಳ ಫೋನು ಬಂದಿತು.

"ಜೇವರ್ಗಿದಾಗ ಒಟ್ಟ ಆಡು ಎಷ್ಟ್ರೀ? ಕಾಲಂ ಎಲ್ಲ್ಯದ?"

"ಗೊತ್ತಿಲ್ರಿ ಸರ್. ಸೂಜಿ ಎಷ್ಟ್ ಬೇಕು ಅನ್ನೋದ್ ಮಾತ್ರ ಗೊತ್ತಾಗ್ತದ್ರಿ."

ಯಾರ ಆದೇಶದ ಮೇರೆಗೆ ತೆಗೆಯಲಾಯಿತೆಂದು ಲಿಖಿತ ವಿವರಣೆ ಕೇಳಿದ್ದಾರೆ. ಬರೆದಿಟ್ಟಿದ್ದೇನೆ: ಮಣ್ಣೂರಿನ ಖಾಜಾಬಿಯವರ ಮೌಖಿಕ ಆದೇಶದ ಮೇರೆಗೆ. ಕೆಳಗೆ ಸಹಿ ನನ್ನದೇ.