ಅವ್ವನ ರಿಪೋರ್ಟು ಬಾಗಿಲಲ್ಲೇ ನಿಂತ ಎರಡು ದಿನ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಆ ಹೊತ್ತಿನಲ್ಲಿ ನನಗದು ಗೊತ್ತಿರಲಿಲ್ಲ. ನಾನು ನಗುತ್ತಿದ್ದೆ. ಬೆರಳಿಗೆ ಭಂಡಾರ, ನಮ್ಮ ದೇವರ ಅರಿಶಿನ, ಹತ್ತಿತ್ತು. ಹೊಸ ಕಟ್ಟಡದ ಮೇಜಿನ ಮೇಲೆ ನಮ್ಮ ಮೇಲ್ ಸರ್ವರನ್ನು ಇಟ್ಟು, ಅದರ ನೆತ್ತಿಗೆ ಒಂದು ಬೊಟ್ಟು ಭಂಡಾರ ಹಚ್ಚಿ, ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಹೆಸರು ಮಾಳಮ್ಮ. ಊರು ಮಕ್ತಲ್. ನಮ್ಮದು ಕುರಿ ಕಾಯ್ದ ಮನೆತನ, ಮೈಲಾರಲಿಂಗನ ಒಕ್ಕಲು. ನಾನು ಕಂಪ್ಯೂಟರ್ ವಿಷಯದಲ್ಲಿ ಡಿಗ್ರಿ ಮಾಡಿ, ನಾರಾಯಣಪೇಟೆಯ ಒಂದು ಪರೀಕ್ಷಾ ಲ್ಯಾಬಿನಲ್ಲಿ ಏಳು ವರ್ಷದಿಂದ ಕೆಲಸದಲ್ಲಿದ್ದೇನೆ. ಮಕ್ತಲ್ ಮತ್ತು ಗದ್ವಾಲದಲ್ಲಿ ನಮ್ಮ ಸ್ಯಾಂಪಲ್ ತೆಗೆದುಕೊಳ್ಳುವ ಕೋಣೆಗಳಿವೆ. ಪರೀಕ್ಷೆ ಮುಗಿದ ಕೂಡಲೇ ರಿಪೋರ್ಟು ನಮ್ಮದೇ ಸರ್ವರಿನಿಂದ ಆಸ್ಪತ್ರೆಗಳಿಗೆ ಇ-ಮೇಲಿನಲ್ಲಿ ಹೋಗುತ್ತದೆ. ಆ ಸರ್ವರನ್ನು ಕಟ್ಟಿದವಳು ನಾನು. ಸುತ್ತಿನ ಮೂರು ಊರುಗಳಲ್ಲಿ ಆ ಕೆಲಸ ಬಲ್ಲ ಹೆಂಗಸು ನಾನೊಬ್ಬಳೇ ಎಂಬ ಹೆಮ್ಮೆ ನನಗಿತ್ತು. ಈಗಲೂ ಇದೆ, ಆದರೆ ಅದರ ಬಣ್ಣ ಬೇರೆ.

ಲ್ಯಾಬು ಹೊಸ ಕಟ್ಟಡಕ್ಕೆ ಹೋಗುವುದೆಂದಾಗ ನಾನು ಬುಧವಾರ ಗೊತ್ತು ಮಾಡಿದ್ದೆ. ಹೊಸ ಇಂಟರ್ನೆಟ್ ಲೈನಿಗೆ ಹೊಸ ವಿಳಾಸ ಬರುತ್ತದೆ, ಅಂದರೆ ಒಂದು ಅಂಕಿ. ಆ ಅಂಕಿ ನಮ್ಮದೇ ಎಂದು ಲೈನಿನ ಕಂಪನಿಯವರು ತಮ್ಮ ದಾಖಲೆಯಲ್ಲಿ ಬರೆಯಬೇಕು, ನಾವೂ ನಮ್ಮ ಹೆಸರಿನ ದಾಖಲೆಯಲ್ಲಿ ಬರೆಯಬೇಕು. ಇದಕ್ಕೆ ಎರಡು ಮೂರು ದಿನ ಹಿಡಿಯುತ್ತದೆ. ಆದರೆ ಮನೆಯಲ್ಲಿ ಈ ಮಾತು ಬಂದಾಗ ಅವ್ವ ಒಪ್ಪಲಿಲ್ಲ.

"ಐತಾರ ಬಿಟ್ಟು ಬುಧವಾರ ಯಾಕ? ಸ್ವಾಮಿ ವಾರ ಐತಾರ. ಹೊಸ ಜಾಗಕ್ಕ ಹೋಗಾಕ ಮತ್ತ್ಯಾವ ದಿನ ಬೇಕು ನಿನಗ?"

ಲ್ಯಾಬಿನ ಡಾಕ್ಟರಿಗೂ ಭಾನುವಾರವೇ ಹಿಡಿಸಿತು. ನಾನು ಒಪ್ಪಿದೆ. ದಾಖಲೆ ಆಮೇಲೆ ಬರೆದರಾಯಿತು, ಮೇಲ್ ಹೋಗುತ್ತದೋ ಇಲ್ಲವೋ ನೋಡಿಕೊಳ್ಳುವವಳು ನಾನೇ ಅಲ್ಲವೇ ಎಂದುಕೊಂಡೆ. ಅಂದು ಹನ್ನೊಂದೂವರೆಗೆ ಲ್ಯಾಬಿನಲ್ಲಿ ರಿಪೋರ್ಟು ಕಳಿಸುವ ಪರ್ವೀನಳ ಹೆಸರಿಗೆ, ಹೋಗುತ್ತದೋ ನೋಡಲು, ಒಂದು ಪರೀಕ್ಷೆಯ ಮೇಲ್ ಕಳಿಸಿದೆ. ಕಣ್ಣು ಮುಚ್ಚಿ ತೆರೆಯುವುದರಲ್ಲಿ ತಲುಪಿತು. "ಆಗಯಾ ಅಕ್ಕಾ!" ಎಂದು ಅವಳು ಕೂಗಿದಳು. ಆ ಮೇಲ್ ನಮ್ಮ ಸರ್ವರಿನಿಂದ ನಮ್ಮ ಸರ್ವರಿಗೇ ಹೋದದ್ದು, ಮನೆಯ ಹೊಸಿಲನ್ನೇ ದಾಟಿರಲಿಲ್ಲ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಮೊದಲ ವರ್ಷದ ವಿದ್ಯಾರ್ಥಿ ಮಾಡುವ ತಪ್ಪು. ಏಳು ವರ್ಷದವಳು ಮಾಡಿದೆ.

ಅವ್ವನಿಗೆ ಶುಕ್ರವಾರದಿಂದ ಜ್ವರವಿತ್ತು. ಶನಿವಾರ ಮಕ್ತಲ್‌ನ ನಮ್ಮ ಕೋಣೆಯಲ್ಲೇ ಮೂತ್ರದ ಸ್ಯಾಂಪಲ್ ಕೊಟ್ಟಿದ್ದಳು. ಯಾವ ಕ್ರಿಮಿ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ತಿಳಿಯುವ ಪರೀಕ್ಷೆ. ಕ್ರಿಮಿಯನ್ನು ಬೆಳೆಸಿ ನೋಡಬೇಕಾದ್ದರಿಂದ ಎರಡು ಮೂರು ದಿನ ಬೇಕು. ಭಾನುವಾರ ನಾನು ಹೊರಡುವಾಗ ಕಂಬಳಿ ಹೊದ್ದು ಕೂತಿದ್ದವಳು, "ನಾ ಆರಾಮ ಅದೀನಿ, ನೀ ದೇವರ ಕೆಲಸಕ್ಕ ಹೋಗು" ಎಂದಳು.

ಸೋಮವಾರ ಬೆಳಗಾಗುವಷ್ಟರಲ್ಲಿ ಅವಳಿಗೆ ಎದ್ದು ನಿಲ್ಲಲು ಆಗಲಿಲ್ಲ. ನನ್ನ ತಮ್ಮ ಬೀರಣ್ಣ ಗದ್ವಾಲದಲ್ಲಿ ಹತ್ತಿಬೀಜದ ಲಾರಿ ಓಡಿಸುತ್ತಾನೆ. ಅವನ ಮನೆಯ ಹತ್ತಿರ ಒಂದು ಆಸ್ಪತ್ರೆ ಇದೆ, ಅಲ್ಲಿಗೇ ಕರೆದುಕೊಂಡು ಬಾ ಎಂದ. ಮೊದಲ ಬಸ್ಸಿನಲ್ಲಿ ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ಬಸ್ಸು ಜೂರಾಲ ಅಣೆಕಟ್ಟೆಯ ಮೇಲೆ ಹೋಗುವಾಗ ಅವಳು ನೀರನ್ನು ನೋಡಿ, "ಕುರಿ ಇಳಸಬ್ಯಾಡ, ಆಳ ಐತಿ" ಅಂದಳು. ಅಲ್ಲಿ ಕುರಿ ಇರಲಿಲ್ಲ. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಈಗಲೂ ಆ ಕಟ್ಟೆಯ ಮೇಲೆ ಬಸ್ಸು ಹತ್ತಿದರೆ ನಾನು ನೀರಿನ ಕಡೆ ನೋಡುವುದಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಒಂದು ಔಷಧ ಶುರುಮಾಡಿದರು. "ಲ್ಯಾಬ್ ರಿಪೋರ್ಟು ಬಂದ ಮೇಲೆ ಬೇಕಾದರೆ ಬದಲಿಸುತ್ತೇನೆ" ಎಂದರು. ನಾನು ಲ್ಯಾಬಿಗೆ ರಜೆ ಹೇಳಿ, ಅವ್ವನ ರಿಪೋರ್ಟನ್ನು ಈ ಆಸ್ಪತ್ರೆಗೇ ಕಳಿಸಿ ಎಂದು ತಿಳಿಸಿ, ಅವಳ ಹಾಸಿಗೆಯ ಪಕ್ಕ ಕೂತೆ.

ಮಂಗಳವಾರ ಜ್ವರ ಇಳಿಯಲಿಲ್ಲ, ಬಿಪಿ ಇಳಿಯಿತು. ಡಾಕ್ಟರಮ್ಮ ತಮ್ಮ ಫೋನು ನೋಡಿ, "ರಿಪೋರ್ಟ್ ಇಂಕಾ ರಾಲೇದಮ್ಮಾ" ಎಂದರು. ಬಾರದಿರುವುದರಲ್ಲಿ ನನಗೆ ಆಶ್ಚರ್ಯವಿರಲಿಲ್ಲ. ಕ್ರಿಮಿ ಬೆಳೆಯಲು ಹೊತ್ತು ಬೇಕೆಂದು ನನಗೇ ಗೊತ್ತು. ನಮ್ಮವಳೆಂದು ಪರ್ವೀನಳಿಗೆ ಅವಸರ ಮಾಡಿಸುವುದು ಸರಿಯಲ್ಲ ಎಂದು ಸುಮ್ಮನಿದ್ದೆ. ಅತ್ತ ಪರ್ವೀನ, "ಅಮ್ಮಾ ಕೈಸೆ ಹೈಂ ಅಕ್ಕಾ?" ಎಂದು ಫೋನಿನಲ್ಲಿ ಅವ್ವನ ಆರೋಗ್ಯ ಕೇಳುತ್ತಲೇ ಇದ್ದಳು. ರಿಪೋರ್ಟಿನ ಸುದ್ದಿ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಲುಪಿದೆ ಎಂದು ಅವಳು, ಇನ್ನೂ ಆಗಿಲ್ಲ ಎಂದು ನಾನು.

ಬುಧವಾರ ಬೆಳಿಗ್ಗೆ ಅವ್ವ ನನ್ನನ್ನು ಗುರುತಿಸಲಿಲ್ಲ. ಮಧ್ಯಾಹ್ನದವರೆಗೆ ನೋಡಿ, ಸುಧಾರಿಸದಿದ್ದರೆ ಹೈದರಾಬಾದಿಗೆ ಒಯ್ಯಿರಿ ಎಂದರು ಡಾಕ್ಟರಮ್ಮ. ದಾರಿಯಲ್ಲಿ ಏನಾದರೂ ಆದರೆ ಎಂದು ಬೀರಣ್ಣ ಕೇಳಿದ. ಅವರು ಮತ್ತೊಮ್ಮೆ ಅವ್ವನ ಬಿಪಿ ನೋಡಲು ಬಗ್ಗಿದರು. ನಾನು ವರಾಂಡದ ಕಂಬಕ್ಕೆ ಹಣೆ ಹಚ್ಚಿ ನಿಂತೆ. "ಮೈಲಾರಾ, ನಿನ್ನ ವಾರ ಮೀರಬಾರದಂತ ಹಟ ಮಾಡಿದಾಕಿ ಅಕಿ. ನನಗ ಬುದ್ಧಿ ಕಮ್ಮಿ ಇದ್ರ ನನಗ ಕೇಳು, ಅಕಿನ್ನ ಬಿಡು" ಎಂದು ಬೇಡಿದೆ. ಬೇಡಿಕೆಯೋ ಜಗಳವೋ ನನಗೇ ತಿಳಿಯದು.

ಅಷ್ಟರಲ್ಲಿ ನಾರಾಯಣಪೇಟೆ ಕಡೆಯ ಮದ್ದೂರಿನ ನಿಂಗಪ್ಪ ಮಾವ ಬಂದ. ಅವ್ವನ ಒಡಹುಟ್ಟಿದ ಅಣ್ಣ. ನಮ್ಮ ದೇವರ ಪೂಜೆಯ ಸರದಿ ಅವನ ಮನೆಯದು. ಮಹಬೂಬನಗರದ ಮೇಲೆ ಸುತ್ತಿ ಸಂಜೆಗೆ ಬರುವವನಿದ್ದ. ಆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲದೆ, ಬೈದುಕೊಂಡು ನಾರಾಯಣಪೇಟೆಯ ಬಸ್ಸು ಹತ್ತಿ ಹನ್ನೊಂದೂವರೆಗೇ ಗದ್ವಾಲ ಮುಟ್ಟಿದ್ದ. ತಂಗಿಯ ಹಣೆಗೆ ಭಂಡಾರ ಹಚ್ಚಿ ಹೊರಗೆ ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತ. ನನ್ನ ಅಳು ನಿಲ್ಲಿಸಲಿಕ್ಕೋ ಏನೋ, ಬೇರೆ ಮಾತು ತೆಗೆದ.

"ಐತಾರ ನಿನ್ನ ಪೆಟ್ಟಿಗಿ ಹೊಸ ಮನಿಗಿ ಹೋತಂತಲ್ಲ. ನಿಮ್ಮವ್ವ ಫೋನಿನ್ಯಾಗ ಹೇಳಿ ಹೇಳಿ ಕಿವಿ ತಿಂದಳು. ನನ್ನ ಮಗಳು ಮಿಷನ್ನಿಗಿ ಭಂಡಾರ ಹಚ್ಯಾಳಂತ."

"ಹೋತು ಮಾವ."

"ಮಾತಿಟ್ಟು ಬಂದೇನು?"

ನಮ್ಮಲ್ಲಿ ಕುರಿಹಟ್ಟಿ ಬದಲಿಸುವಾಗ ಒಂದು ಪದ್ಧತಿಯಿದೆ. ಬಿಟ್ಟುಹೋಗುವ ಜಾಗದಲ್ಲಿ ಕಲ್ಲಿನ ಮೇಲೆ ಭಂಡಾರ ಇಟ್ಟು, ಪಕ್ಕದ ಹೊಲದವರಿಗೆ ಎಲ್ಲಿಗೆ ಹೋಗುತ್ತೇವೆ ಎಂದು ಹೇಳಬೇಕು. ಹೊಸ ಜಾಗಕ್ಕೆ ಹೋದಾಗ ಒಂದು ಕುರಿಯನ್ನೂ ಒಳಗೆ ಬಿಡುವ ಮುಂಚೆ ಅಲ್ಲಿಯ ನೆರೆಯವರಿಗೆ ನಾವು ಇಂಥವರು, ಇಂಥ ಕಡೆಯಿಂದ ಬಂದೆವು ಎಂದು ತಿಳಿಸಬೇಕು. ಇದಕ್ಕೆ ಮಾತಿಡುವುದು ಎನ್ನುತ್ತೇವೆ.

"ಅದು ಕುರಿ ಅಲ್ಲ ಮಾವ, ಮಿಷನ್ನು" ಎಂದೆ.

"ಮಿಷನ್ನಾದ್ರೇನು? ಗುರ್ತಿಲ್ಲದೋರು ಬಾಗಲಕ್ಕ ಬಂದ್ರ ಯಾರು ಒಳಗ ಬಿಡ್ತಾರ? ನಾಯಿ ಬಿಡ್ತಾರ" ಎಂದು ನಕ್ಕ.

ನಾನು ನಗಲಿಲ್ಲ. ಭಾನುವಾರ ಬರೆಯಬೇಕಿದ್ದ ದಾಖಲೆ ನಾನು ಬರೆದಿರಲಿಲ್ಲ. ಹಳೆಯ ಅಂಕಿಯಿಂದ ಬಂದ ಮೇಲ್ ಮಾತ್ರ ನಮ್ಮದು ಎಂದು ನಮ್ಮ ದಾಖಲೆ ಜಗತ್ತಿಗೆಲ್ಲ ಹೇಳುತ್ತಲೇ ಇತ್ತು. ಹೊಸ ಅಂಕಿಗೆ ಯಾರ ಹೆಸರೂ ಇರಲಿಲ್ಲ.

ಫೋನಿನಲ್ಲೇ ಸರ್ವರನ್ನು ತೆರೆದೆ. ಪಾಸ್‌ವರ್ಡ್ ಎರಡು ಸಲ ತಪ್ಪಿತು. ಭಾನುವಾರದಿಂದ ಹೊರಗಿನ ಆಸ್ಪತ್ರೆಗಳಿಗೆ ಹೊರಟ ಮೇಲ್‌ಗಳೆಲ್ಲ ಸಾಲಾಗಿ ಅಲ್ಲೇ ನಿಂತಿದ್ದವು. ಒಂದೊಂದರ ಪಕ್ಕದಲ್ಲೂ ಆಚೆಯ ಸರ್ವರಿನ ಉತ್ತರ: ನಿನ್ನ ಗುರುತು ಸಿಗುತ್ತಿಲ್ಲ, ಆಮೇಲೆ ಬಾ. ಆಮೇಲೆ ಬಾ ಎಂದರೆ ನಮ್ಮ ಸರ್ವರು ದೂರು ಹೇಳುವುದಿಲ್ಲ. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ಐದು ದಿನ ಹಾಗೇ ಅಲೆದು ಆಮೇಲೆ ಸೋತೆ ಎನ್ನುತ್ತದೆ. ಹಾಗೆ ಇಟ್ಟವಳೂ ನಾನೇ.

ಸಾಲಿನ ನಡುವೆ ಅವ್ವನ ಹೆಸರಿತ್ತು. ಸೋಮವಾರ ಸಂಜೆ ಐದು ಗಂಟೆ ಹನ್ನೆರಡು ನಿಮಿಷ.

ಎರಡು ದಿನದಿಂದ ನಾನು ಹಾಸಿಗೆಯ ಪಕ್ಕ ಕೂತು ಯಾವ ರಿಪೋರ್ಟಿಗೆ ಕಾಯುತ್ತಿದ್ದೆನೋ ಅದನ್ನು ನನ್ನ ಕೈಯಾರೆ ಕಟ್ಟಿದ ಸರ್ವರೇ ಹಿಡಿದುಕೊಂಡಿತ್ತು. ನಾನು ಪರ್ವೀನಳಿಗೆ ಫೋನು ಮಾಡಿದೆ. ಏನು ಹೇಳಿದೆನೋ ನೆನಪಿಲ್ಲ. "ಯಾ ಅಲ್ಲಾ" ಎಂದು ಅವಳು ಉಸಿರೆಳೆದದ್ದು ನೆನಪಿದೆ. ಎರಡು ನಿಮಿಷದಲ್ಲಿ ರಿಪೋರ್ಟಿನ ಫೋಟೋ ನನ್ನ ಫೋನಿಗೆ ಬಂತು. ಓಡಿದೆ. ಡಾಕ್ಟರಮ್ಮ ನಿಂತಲ್ಲೇ ಓದಿದರು. ಕೊಡುತ್ತಿದ್ದ ಔಷಧ ಆ ಕ್ರಿಮಿಗೆ ನಾಟುವುದೇ ಇಲ್ಲ, ನಾಟುವ ಔಷಧ ಇಲ್ಲೇ ಇದೆ, ಹೈದರಾಬಾದಿನ ಮಾತು ಸದ್ಯಕ್ಕೆ ಬೇಡ ಎಂದರು. ಹನ್ನೆರಡೂವರೆಗೆ ಹೊಸ ಔಷಧ ಏರಿತು. ವರಾಂಡದಲ್ಲಿ ಮಾವ, ಎಲ್ಲರೂ ತಿರುಗಿ ನೋಡುವ ಹಾಗೆ, "ಏಳುಕೋಟಿಗೋ ಏಳುಕೋಟಿ!" ಎಂದು ಮೈಲಾರನ ಜಯಕಾರ ಕೂಗಿದ. ನರ್ಸಮ್ಮ ಬಂದು ಗದರಿದಳು. "ಒಮ್ಮೆ ಕೂಗೀನಿ, ಇನ್ನ ಆರು ಬಾಕಿ ಅವ" ಎಂದ.

ಆದರೆ ಆ ಸಾಲಿನಲ್ಲಿ ಅವ್ವ ಒಬ್ಬಳೇ ಇರಲಿಲ್ಲವಲ್ಲ. ಯಾರ ಯಾರ ಅವ್ವಂದಿರೋ, ಮಕ್ಕಳೋ. ನಾನು ಮೊದಲು ನಮ್ಮ ಡಾಕ್ಟರಿಗೆ ನಿಜ ಹೇಳಿದೆ. ತಪ್ಪು ನನ್ನದು, ಕೆಲಸದಿಂದ ತೆಗೆದರೂ ಸರಿ, ಈಗ ಮಾತ್ರ ಎಲ್ಲರಿಗೂ ಫೋನು ಮಾಡಿಸಿ ಎಂದೆ. ಅವರು "ಮೊದ್ಲು ಸರಿ ಮಾಡಮ್ಮ, ಆಮ್ಯಾಲೆ ಬೈತೀನಿ" ಎಂದರು. ಪರ್ವೀನ ಮತ್ತು ಇತರರು ಕೂತು ಒಂದೊಂದೇ ಆಸ್ಪತ್ರೆಗೆ ಫೋನು ಮಾಡಿ ರಿಪೋರ್ಟು ಓದಿ ಹೇಳಿದರು. ಸ್ವಾಮಿಯ ದಯೆ, ಯಾರ ಜೀವಕ್ಕೂ ತೊಂದರೆ ಆಗಿರಲಿಲ್ಲ.

ನಾನು ಅದೇ ಬೆಂಚಿನ ಮೇಲೆ ಕೂತು ಕೆಲಸಕ್ಕೆ ಇಳಿದೆ. ಲೈನಿನ ಕಂಪನಿಗೆ ಫೋನು ಮಾಡಿ, ರೋಗಿಗಳ ಜೀವದ ಮಾತೆಂದು ಕಾಡಿ, ಎರಡು ಮೂರು ದಿನ ಕಾಯದೆ ಆಗಲೇ ಹೊಸ ಅಂಕಿಗೆ ನಮ್ಮ ಹೆಸರು ಬರೆಸಿದೆ. ನಮ್ಮ ದಾಖಲೆಯಲ್ಲಿ ಹೊಸ ಅಂಕಿಯ ಸಾಲು ಸೇರಿಸಿದೆ. ಆದರೂ ಮೇಲ್ ಹೋಗಲಿಲ್ಲ. ನೋಡಿದರೆ ಅವಸರದಲ್ಲಿ ಹಳೆಯ ಸಾಲನ್ನು ತಿದ್ದುವ ಬದಲು ಅದರ ಕೆಳಗೆ ಇನ್ನೊಂದು ಸಾಲು ಬರೆದಿದ್ದೆ. ಇಂಥ ಸಾಲು ಎರಡಿದ್ದರೆ ಆಚೆಯವರು ಎರಡನ್ನೂ ನಂಬುವುದಿಲ್ಲ. ಎರಡನ್ನೂ ಕೂಡಿಸಿ ಒಂದು ಮಾಡಿದೆ. ಈ ಸಲ ಪರೀಕ್ಷೆಯ ಮೇಲ್ ಪರ್ವೀನಳಿಗೆ ಕಳಿಸಲಿಲ್ಲ, ಡಾಕ್ಟರಮ್ಮನ ಆಸ್ಪತ್ರೆಗೇ ಕಳಿಸಿ ಅವರ ಬಾಗಿಲಲ್ಲಿ ನಿಂತೆ. ಸಂಜೆ ನಾಲ್ಕಕ್ಕೆ ಅವರು ಫೋನು ಎತ್ತಿ ತೋರಿಸಿದರು. ಆಚೆಯವರ ನೆನಪಿನಲ್ಲಿದ್ದ ಹಳೆಯ ದಾಖಲೆ ಅಳಿಯುತ್ತ ಬಂದು, ಗುರುವಾರ ಬೆಳಿಗ್ಗೆಗೆ ಸಾಲು ಪೂರ್ತಿ ಖಾಲಿಯಾಯಿತು. ಆ ಖಾಲಿ ಪರದೆಯನ್ನು ಮಾವನಿಗೆ ತೋರಿಸಿದೆ.

"ಏನೂ ಇಲ್ಲಲ್ಲ ಇದರಾಗ?"

"ಅದಕ್ಕಽ ತೋರ್ಸಾಕತ್ತೀನಿ ಮಾವ" ಎಂದೆ. ಅಂಥ ಹೆಮ್ಮೆ ನನಗೆ ಡಿಗ್ರಿ ಕೈಗೆ ಬಂದ ದಿನವೂ ಆಗಿರಲಿಲ್ಲ.

ಶುಕ್ರವಾರ ಅವ್ವ ಕಣ್ಣು ತೆರೆದು ಮೊದಲು ಕೇಳಿದ್ದು ನೀರು. ಎರಡನೆಯದು, "ಐತಾರ ಹೋಗಿದ್ದು ಛಲೋ ಆತಿಲ್ಲೋ?"

ನಾನು ಏನೂ ಮುಚ್ಚಿಡಲಿಲ್ಲ. "ವಾರ ಛಲೋದಿತ್ತು ಯವ್ವಾ. ನಾನಽ ಮಾತಿಡಲಿಲ್ಲ" ಎಂದು ಎಲ್ಲ ಹೇಳಿದೆ. ಅವಳು ಕಂಬಳಿ ಸರಿಸಿ ನನ್ನ ಕಡೆ ಹೊರಳಿದಳು.

"ಹಂಗಾರ ನನ್ನಣ್ಣನ್ನ ಮಹಬೂಬನಗರದ ಬಸ್ಸಿಗಿ ಹತ್ತಗೊಡಲಾರದಂಗ ಮಾಡಿದ್ದು ಯಾರು?" ಎಂದಳು.

ಬಂಧುಗಳೇ, ನಾನು ಓದಿದವಳು. ಬಸ್ಸು ತುಂಬಿದ್ದಕ್ಕೆ ಕಾರಣ ಸಂತೆ ಇರಬಹುದು ಎಂದು ನನಗೂ ಗೊತ್ತು. ಆದರೆ ಮಾತಿಟ್ಟೆಯಾ ಎಂಬ ಆ ಪ್ರಶ್ನೆ, ಆ ಬಾಯಿಂದ, ಆ ಗಂಟೆಗೆ ಬಂತು. ಮಾವ ಸಂಜೆ ಬಂದಿದ್ದರೆ ಅವ್ವ ಹೈದರಾಬಾದಿನ ದಾರಿಯಲ್ಲಿರುತ್ತಿದ್ದಳು, ಅವಳ ರಿಪೋರ್ಟು ಇನ್ನೂ ಬಾಗಿಲಲ್ಲೇ ನಿಂತಿರುತ್ತಿತ್ತು. ನಮ್ಮ ಹಿರಿಯರು ಕುರಿಹಿಂಡಿನ ಹಿಂದೆ ನಡೆದು ಕಲಿತದ್ದನ್ನು ನಾನು ಪುಸ್ತಕದಲ್ಲಿ ಕಲಿತು ಮರೆತಿದ್ದೆ. ಸ್ವಾಮಿ ಅದನ್ನು ನನ್ನ ಮಾವನ ಬಾಯಿಂದಲೇ ನೆನಪಿಸಿದ. ನಾನು ಆ ಮನೆತನದವಳು ಎಂದು ಈಗ ಯಾರ ಮುಂದೆಯೂ ತಲೆಯೆತ್ತಿ ಹೇಳುತ್ತೇನೆ. ನಮ್ಮ ಲ್ಯಾಬಿನಲ್ಲಿ ಒಂದು ವೈರು ಬದಲಿಸಬೇಕಾದರೂ ಪರ್ವೀನ ಮೊದಲು ಕೇಳುವುದು, "ಮಾತಿಟ್ಟೀರೇನಕ್ಕಾ?" ಎಂದು.

ಮರುವಾರ ಶನಿವಾರ ಅವ್ವನನ್ನು ಮಕ್ತಲ್‌ಗೆ ಕರೆತಂದೆವು. ಆ ರಾತ್ರಿಯೂ ಕಣ್ಣು ಮುಚ್ಚಿದರೆ ಐದು ಗಂಟೆ ಹನ್ನೆರಡು ನಿಮಿಷ ಎಂಬ ಸಾಲು ಕಾಣುತ್ತಿತ್ತು, ಎದ್ದು ಫೋನು ನೋಡುತ್ತಿದ್ದೆ. ಮರುದಿನ ಸ್ವಾಮಿಯ ವಾರ. ದೇವರ ಮುಂದೆ ಭಂಡಾರ ಇಟ್ಟು, ನಡೆದದ್ದೆಲ್ಲವನ್ನೂ ಒಂದೂ ಬಿಡದೆ ಅವನಿಗೆ ಒಪ್ಪಿಸಿದೆ. ಮಧ್ಯಾಹ್ನ ಉಂಡು, ಅವ್ವನ ಕಂಬಳಿಯ ಒಂದು ಅಂಚು ಎಳೆದುಕೊಂಡು ಅವಳ ಕಾಲ ಬಳಿ ಒರಗಿದೆ. ಎಚ್ಚರವಾದಾಗ ಅಂಗಳದಲ್ಲಿ ಬಿಸಿಲಿತ್ತು, ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಅದು ಸೋಮವಾರ.